ಗಣಿಕಟ್ಟೆಗಳ ಕಾವಲು: ನೀರುಗಂಟಿಯಿಂದ ಭೂಕಂಪಲೇಖಿಯವರೆಗೆ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರ ಹೋಬಳಿಯು ಕಪಿಲಾನದಿಯ ಸೀಮೆಗೆ ಸೇರಿದುದು. ಏರಿಯೆಂದರೇನು, ತೂಬೆಂದರೇನು, ಕೋಡಿ ಬೀಳುವುದೆಂದರೇನು ಎಂಬುದನ್ನು ಈ ಸೀಮೆಯ ಒಕ್ಕಲಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಬೀಚನಹಳ್ಳಿಯ ಬಳಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವು ಸಮುದ್ರಮಟ್ಟದಿಂದ 2284 ಅಡಿಗೆ ತುಂಬುತ್ತದೆ. ಅದು ಹಿಡಿಯುವ ನೀರು 1952 ಕೋಟಿ ಘನ ಅಡಿ. ಸರಗೂರಿನ ಸಮೀಪದಲ್ಲಿ ನುಗು, ಕೋಟೆಯ ಕಡೆಗೆ ತಾರಕಾ, ಇವಲ್ಲದೆ ಊರೂರಿನ ಹಳೆಯ ಕೆರೆಗಳು. ಮಳೆಗಾಲದಲ್ಲಿ ಜಲಾಶಯದ ಮಟ್ಟವೇ ಇಲ್ಲಿಯ ಮೊದಲನೆಯ ವಾರ್ತೆಯಾಗುವುದು ಸಹಜವಾಗಿದೆ.

ಹಳೆಯ ಕೆರೆಗಳಿಗೆ ಒಬ್ಬ ಕಾವಲುಗಾರನಿದ್ದನು. ಮೈಸೂರು ಸೀಮೆಯ ಗ್ರಾಮಗಳ ಆಯಗಾರರಲ್ಲಿ ತೋಟಿ ತಳವಾರರ ಜೊತೆಯಲ್ಲಿ ಎಣಿಸಲ್ಪಡುತ್ತಿದ್ದ ನೀರುಗಂಟಿಯೇ ಅವನು. ತೂಬೆತ್ತಿ ಗದ್ದೆಗಳಿಗೆ ನೀರು ಹಂಚುವುದಷ್ಟೇ ಅವನ ಕೆಲಸವಲ್ಲ. ಏರಿಯ ಹಿಂಬದಿಯಲ್ಲಿ ಹೊಸದಾಗಿ ತೇವ ಕಾಣಿಸಿತೆ, ಏಡಿಬಿಲವೋ ಇಲಿಬಿಲವೋ ಬಿದ್ದಿತೆ, ಒಸರುವ ನೀರು ತಿಳಿಯಾಗಿದೆಯೋ ಕದಡಿದೆಯೋ ಎಂಬುದನ್ನು ನೋಡುವುದೂ ಅವನದೇ. ತಿಳಿನೀರು ಒಸರಿದರೆ ಕಾಯಬಹುದು. ಕದಡಿದ ನೀರು ಬಂದಿತೆಂದರೆ ಏರಿಯ ಒಡಲಿನ ಮಣ್ಣೇ ಕೊಚ್ಚಿಹೋಗುತ್ತಿದೆಯೆಂದು ಅರ್ಥ, ಆಗ ಊರನ್ನೇ ಕೂಗಬೇಕು. ಅಣೆಕಟ್ಟಿನ ಸುರಕ್ಷತೆಯ ಶಾಸ್ತ್ರಕ್ಕೆಲ್ಲ ಮೂಲಪಾಠವಿದು. ಇಂದಿನ ಯಂತ್ರಗಳು ಮಾಡುವುದೂ ಬಹುಮಟ್ಟಿಗೆ ಇದೇ ಕೆಲಸವನ್ನು. ಭೇದವೆಂದರೆ ನೀರುಗಂಟಿಯು ಏರಿಯ ಹೊರಮೈಯನ್ನು ಮಾತ್ರ ಕಾಣಬಲ್ಲವನಾಗಿದ್ದನು, ಯಂತ್ರವು ಒಡಲನ್ನು ಪರೀಕ್ಷಿಸುತ್ತದೆ.

ಈ ತಿಳಿವಳಿಕೆಯು ಪ್ರಾಚೀನವಾದುದೆಂಬುದಕ್ಕೆ ಶಾಸನಗಳ ಸಾಕ್ಷಿಯುಂಟು. ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯ ಶಾಸನ, ಕ್ರಿ.ಶ. 1369ರದು, ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಆ ದೋಷಗಳಲ್ಲಿ ಏರಿಯಿಂದ ನೀರು ಒಸರುವುದೂ ಒಂದು. ಕನ್ನಡ ನಾಡಿನ ಶಾಸನಗಳಲ್ಲಿ ಇನ್ನೂ ಮುಖ್ಯವಾದ ಬೇರೊಂದು ಸಂಗತಿ ದೊರೆಯುತ್ತದೆ. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಹೆಸರಿನ ದತ್ತಿಗಳು ಶಾಸನಾಭ್ಯಾಸಿಗಳಿಗೆ ಪರಿಚಿತವಾದುವೇ. ಕೆರೆಯನ್ನು ಕಟ್ಟಿದವನಿಗೆ, ಅಥವಾ ಅದನ್ನು ನಡಸಿಕೊಂಡು ಬರುವವನಿಗೆ, ಆ ಕೆರೆಯ ಕೆಳಗಣ ಭೂಮಿಯಲ್ಲಿಯೇ ಒಂದು ಭಾಗವನ್ನು ಬಿಟ್ಟುಕೊಡುವ ಪದ್ಧತಿಯದು. ಹೂಳೆತ್ತಿ ಏರಿಗೆ ಮಣ್ಣು ಹೇರುವ ಬಂಡಿಗಳ ಖರ್ಚಿಗೆಂದು ಬಿಟ್ಟ ದತ್ತಿಗಳೂ ಉಂಟು. ಕೆರೆ ಇರುವವರೆಗೆ ಗದ್ದೆ, ಗದ್ದೆ ಇರುವವರೆಗೆ ಕಾವಲು: ಕಾವಲಿನ ವೆಚ್ಚವನ್ನು ಕಾಯಲ್ಪಡುವ ವಸ್ತುವೇ ಹುಟ್ಟಿಸಿಕೊಡುತ್ತಿದ್ದಿತು. ದತ್ತಿಗಳು ಕೆಟ್ಟು ಕೆರೆಗಳು ಹೂತುಹೋದ ನಿದರ್ಶನಗಳೂ ಬೇಕಾದಷ್ಟಿವೆಯಾದರೂ, ಏರ್ಪಾಟಿನ ತರ್ಕದಲ್ಲಿ ದೋಷವಿದ್ದಿತೆಂದು ಹೇಳಲಾಗದು.

ಗಣಿಯ ಕಟ್ಟೆಯ ವಿಷಯದಲ್ಲಿ ಈ ತರ್ಕವು ತಲೆಕೆಳಗಾಗುತ್ತದೆ. ಅದಿರನ್ನು ಪುಡಿಮಾಡಿ ಲೋಹಾಂಶವನ್ನು ತೆಗೆದುಕೊಂಡ ಮೇಲೆ ಉಳಿಯುವ ನುಣ್ಣನೆಯ ಕಲ್ಲುಹಿಟ್ಟು ನೀರಿನೊಡನೆ ಬೆರೆತು ಕೆಸರಾಗಿ ಬರುತ್ತದೆ. ಇದನ್ನು ತಡೆದು ನಿಲ್ಲಿಸುವ ಕಟ್ಟೆಗೆ ಗಣಿಕಟ್ಟೆಯೆಂದು ಹೆಸರಿಡಬಹುದು. ನೀರಿನ ಅಣೆಕಟ್ಟು ಒಂದು ದಿನ ಪೂರ್ಣವಾಗುತ್ತದೆ. ಆ ಬಳಿಕವೇ ಅದನ್ನು ತುಂಬುವುದು. ಗಣಿಕಟ್ಟೆಯಾದರೋ ತುಂಬುತ್ತಲೇ ಎತ್ತರವಾಗುತ್ತ ಹೋಗುತ್ತದೆ. ಹಲವೆಡೆ ಹೊಸ ಏರಿಯನ್ನು ಹಳೆಯ ಕೆಸರು ಗಟ್ಟಿಯಾದುದರ ಮೇಲೆಯೇ ಕಟ್ಟುವುದುಂಟು. ನೀರಿನ ಕಟ್ಟೆಯನ್ನು ಅಪಾಯ ಕಂಡಾಗ ಬರಿದುಮಾಡಬಹುದು. ಗಣಿಕಟ್ಟೆಯನ್ನು ಹಾಗೆ ಬರಿದುಮಾಡಲಾಗದು. ಎಲ್ಲಕ್ಕಿಂತಲೂ ಮಿಗಿಲಾಗಿ, ಕೆರೆಯಿಂದ ಬೆಳೆ ಬರುತ್ತದೆ. ಗಣಿಕೆಸರಿನಿಂದ ಬರುವುದು ವೆಚ್ಚವೊಂದೇ. ಆ ವೆಚ್ಚವನ್ನು ಕೊಡುವುದು ಗಣಿಯ ಆದಾಯ. ಆದಾಯಕ್ಕೆ ಕೊನೆಯುಂಟು, ಕಟ್ಟೆಗೆ ಇಲ್ಲ.

ಕರ್ನಾಟಕದಲ್ಲಿ ಇದಕ್ಕೆ ಅತ್ಯಂತ ದೊಡ್ಡ ನಿದರ್ಶನವು ಕುದುರೆಮುಖದ ಲಕ್ಯಾ ಕಟ್ಟೆ. ಅಲ್ಲಿಯ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿರುವುದನ್ನು 1913ರಲ್ಲಿ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರು. ಅದಿರಿನ ಪ್ರಮಾಣ ಅಪಾರವಾಗಿದ್ದರೂ ಅದರಲ್ಲಿನ ಕಬ್ಬಿಣದ ಅಂಶವು ಕಡಮೆ, ಸುಮಾರು ನೂರಕ್ಕೆ 38 ಪಾಲು. ಆದುದರಿಂದ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಬೆಟ್ಟವನ್ನು ಯಾರೂ ಮುಟ್ಟಲಿಲ್ಲ. 1975ರ ನವೆಂಬರಿನಲ್ಲಿ ಇರಾನಿನ ಸರ್ಕಾರದೊಡನೆ ಒಪ್ಪಂದವಾಗಿ, 63 ಕೋಟಿ ಡಾಲರುಗಳ ಸಾಲದ ಭರವಸೆ ದೊರೆತು, 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣದ ಅದಿರಿನ ಕಂಪನಿಯು ಸ್ಥಾಪಿತವಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ನಡೆದು ಅದಿರನ್ನು ಕೊಳ್ಳಬೇಕಾಗಿದ್ದವರೇ ಹಿಂದೆಗೆದರು; ಕಾರ್ಖಾನೆಯಾದರೋ ಅಷ್ಟರಲ್ಲಿ ಎದ್ದುನಿಂತಿದ್ದಿತು. ವರ್ಷಕ್ಕೆ 75 ಲಕ್ಷ ಟನ್ನುಗಳಷ್ಟು ಸಾರೀಕೃತ ಅದಿರನ್ನು ತೆಗೆಯಬೇಕೆಂಬುದು ಯೋಜನೆ. ಇದಕ್ಕಾಗಿ ಒಡೆಯಬೇಕಾದ ಅದಿರು ಅದರ ಮೂರರಷ್ಟು. ಸಾರವು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಪಣಂಬೂರಿಗೆ ಹೋಯಿತು. ಉಳಿದ ಎರಡು ಪಾಲು ಕೆಸರು ಅಲ್ಲಿಯೇ ನಿಂತಿತು.

ಆ ಕೆಸರಿಗಾಗಿ ಭದ್ರೆಯ ಉಪನದಿಯಾದ ಲಕ್ಯಾಹೊಳೆಯ ಕಣಿವೆಗೆ ಅಡ್ಡಲಾಗಿ ಮಣ್ಣಿನ ಕಟ್ಟೆಯನ್ನು ಕಟ್ಟಿದರು. ಅದರ ಎತ್ತರ ಸುಮಾರು 100 ಮೀಟರು. ಕೃಷ್ಣರಾಜಸಾಗರದ ಎತ್ತರವು ಅದರಲ್ಲಿ ಅರ್ಧಕ್ಕೂ ಕಡಮೆಯೆಂದರೆ ವಾಚಕರಿಗೆ ಅಂದಾಜು ದೊರೆಯಬಹುದು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರು ಮಳೆ ಬೀಳುವ ಸ್ಥಳವದು; ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲವೂ ಅದೇ ಬೆಟ್ಟಸಾಲಿನಲ್ಲಿರುವುದು. ಗಣಿಯ ಗುತ್ತಿಗೆಯು 1999ರ ಜುಲೈಯಲ್ಲಿ ಮುಗಿಯಿತು. ವನ್ಯಜೀವಿ ಸಂರಕ್ಷಕರಾದ ಕೆ. ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯವನ್ನು ಮೊರೆಹೊಕ್ಕ ಪ್ರಕರಣದಲ್ಲಿ 2002ರ ಅಕ್ಟೋಬರ್ 30ರಂದು ತೀರ್ಪು ಹೊರಟು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಆ ವ್ಯಾಜ್ಯದ ಚರಿತ್ರೆಯನ್ನು ಬರೆದವರೆಲ್ಲರೂ ಕಾಡಿನ ದೃಷ್ಟಿಯಿಂದ ಬರೆದಿದ್ದಾರೆ, ಅದು ಸರಿಯಾದುದೇ. ಆದರೆ ಗಣಿ ನಿಂತ ದಿನವೇ ಕಟ್ಟೆಯ ಚರಿತ್ರೆಯ ಎರಡನೆಯ ಅಧ್ಯಾಯವು ಮೊದಲಾಯಿತೆಂಬುದನ್ನು ಅಷ್ಟಾಗಿ ಯಾರೂ ಗಮನಕ್ಕೆ ತಂದುಕೊಂಡಿಲ್ಲ.

ಕಟ್ಟೆಯ ಒಡಲನ್ನು ಅಗೆಯದೆಯೇ ತಿಳಿಯುವುದು ಹೇಗೆ? ಇಲ್ಲಿ ಭೂಭೌತ ವಿಧಾನಗಳ ಪ್ರಸ್ತಾಪವು ಬರುತ್ತದೆ. ಈ ವಿಧಾನಗಳು ಗಣಿಗಳ ನೆರಳಿನಲ್ಲಿ ಬೆಳೆದುವೆಂಬುದು ಸ್ವಾರಸ್ಯವಾದ ವಿಷಯ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತಾಮ್ರದ ಗಣಿಗಳಲ್ಲಿ ರಾಬರ್ಟ್ ಫಾಕ್ಸನು 1830ರಲ್ಲಿ ಅದಿರಿನ ಸಿರಗಳ ನಡುವೆ ತನ್ನಷ್ಟಕ್ಕೆ ತಾನೇ ಹರಿಯುವ ಸಣ್ಣ ವಿದ್ಯುತ್ತನ್ನು ಅಳೆದನು. ಫ್ರಾನ್ಸಿನಲ್ಲಿ ಕಾನ್ರಾಡ್ ಶ್ಲುಂಬರ್ಜೆಯು 1912ರಲ್ಲಿ ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ ಅದರ ಹಂಚಿಕೆಯನ್ನು ಗುರುತಿಸಿದನು. 1915ರಲ್ಲಿ ಅಮೆರಿಕದ ವೆನ್ನರನು ನೆಲದ ವಿದ್ಯುದ್ರೋಧವನ್ನು ಅಳೆಯುವ ಸುಲಭವಾದ ಕ್ರಮವನ್ನು ಪ್ರಕಟಿಸಿದನು. ಇವರು ಹುಡುಕುತ್ತಿದ್ದುದು ಸಂಪತ್ತನ್ನು. ಅದೇ ಉಪಕರಣಗಳು ಮುಂದೆ ಅಪಾಯವನ್ನು ಹುಡುಕತೊಡಗಿದುವು.

ಈ ತಿರುವಿಗೆ ಮೈಸೂರು ಸಂಸ್ಥಾನವೂ ಒಂದು ಸಾಕ್ಷಿ. ಕೋಲಾರದ ಚಿನ್ನದ ಗಣಿಗಳಲ್ಲಿ ಆಳವು ಹೆಚ್ಚಿದಂತೆಲ್ಲ, ಅದುಮಲ್ಪಟ್ಟ ಬಂಡೆಯು ಫಿರಂಗಿಯ ಸದ್ದಿನೊಡನೆ ಸಿಡಿದು ಗಣಿಯಾಳುಗಳನ್ನು ಹೂತುಬಿಡುವುದು ಮೊದಲಾಯಿತು. ಸಂಸ್ಥಾನದ ಭೂವಿಜ್ಞಾನಿಯಾಗಿದ್ದ ಡಬ್ಲ್ಯು. ಎಫ್. ಸ್ಮೀತರು ಈ ಸಿಡಿತಗಳನ್ನೂ ಅವುಗಳಿಂದಾಗುವ ನಡುಕಗಳನ್ನೂ ಕುರಿತು 1904ರಲ್ಲಿಯೇ ಇಲಾಖೆಯ ಪ್ರಕಟನೆಯೊಂದನ್ನು ಹೊರಡಿಸಿದರು. ಭಾಭಾ ಪರಮಾಣು ಸಂಶೋಧನ ಕೇಂದ್ರವು ಗೌರಿಬಿದನೂರಿನಲ್ಲಿ 1965ರಲ್ಲಿ ಭೂಕಂಪಲೇಖಿಗಳ ಒಂದು ವ್ಯೂಹವನ್ನು ನಿಲ್ಲಿಸಿತು. ದೂರದೇಶಗಳ ಅಣುಸ್ಫೋಟಗಳನ್ನು ಆಲಿಸುವುದು ಅದರ ಉದ್ದೇಶ. 1978ರಲ್ಲಿ ಅದೇ ಸಂಸ್ಥೆಯ ನೆರವಿನಿಂದ ಕೋಲಾರದ ಗಣಿಗಳ ಸುತ್ತಲೂ ಇಂಥದೇ ಒಂದು ಜಾಲ ಏರ್ಪಟ್ಟು, ಬಂಡೆ ಎಲ್ಲಿ ಸಿಡಿಯಿತೆಂಬುದನ್ನು ನೆಲದ ಮೇಲೆ ಕುಳಿತೇ ಗುರುತಿಸುವುದು ಸಾಧ್ಯವಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆಯು ಹುಟ್ಟಿದುದೂ ಅದೇ ಊರಿನಲ್ಲಿ. ಕರ್ನಾಟಕದಲ್ಲಿ ನೆಲದ ದನಿಯನ್ನು ಕೇಳುವ ವಿದ್ಯೆಯು ಬಹುಪಾಲು ಗಣಿಯಾಳುಗಳ ಪ್ರಾಣದ ಬೆಲೆಯಿಂದ ಬಂದುದೆಂದು ಹೇಳಿದರೆ ತಪ್ಪಾಗದು.

ಮಣ್ಣಿನ ಕಟ್ಟೆಗೆ ಈ ವಿದ್ಯೆಯನ್ನು ಅನ್ವಯಿಸುವ ಬಗೆಗಳಲ್ಲಿ ಮುಖ್ಯವಾದುವು ಮೂರು ನಾಲ್ಕಿವೆ. ಒಣಮಣ್ಣು ವಿದ್ಯುತ್ತನ್ನು ತಡೆಯುತ್ತದೆ, ತೇವವಾದ ಮಣ್ಣು ಬಿಡುತ್ತದೆ; ಆದುದರಿಂದ ಏರಿಯ ಉದ್ದಕ್ಕೂ ಗೂಟಗಳನ್ನು ನೆಟ್ಟು ವಿದ್ಯುದ್ರೋಧವನ್ನು ಅಳೆದರೆ ಒಡಲಿನ ತೇವದ ಒಂದು ಚಿತ್ರವು ದೊರೆಯುತ್ತದೆ. ತೇವವು ನಿಂತಿದೆಯೋ ಹರಿಯುತ್ತಿದೆಯೋ ಎಂಬುದು ಇದರಿಂದ ತಿಳಿಯದು. ಅದಕ್ಕೆ ಫಾಕ್ಸನ ಕ್ರಮವೇ ಬೇಕು. ಮಣ್ಣಿನ ಸಂದುಗಳಲ್ಲಿ ನೀರು ಹರಿಯುವಾಗ ವಿದ್ಯುದಂಶವನ್ನು ಸ್ವಲ್ಪ ಸ್ವಲ್ಪವಾಗಿ ಎಳೆದುಕೊಂಡು ಹೋಗುವುದರಿಂದ, ನೆಲದ ಮೇಲೆ ಕೆಲವೇ ಸಹಸ್ರಾಂಶ ವೋಲ್ಟುಗಳ ವ್ಯತ್ಯಾಸ ಹುಟ್ಟುತ್ತದೆ. ಮೈಲುತುತ್ತದ ದ್ರಾವಣ ತುಂಬಿದ ಸಣ್ಣ ಮಣ್ಣಿನ ಕುಡಿಕೆಗಳನ್ನು ಏರಿಯ ಮೇಲೆ ಅಲ್ಲಲ್ಲಿ ಇಟ್ಟು ಇದನ್ನು ಅಳೆಯಬಹುದು. ಪೋರುಮಾಮಿಳ್ಳದ ಶಾಸನವು ದೋಷವೆಂದು ಎಣಿಸಿದ ಒಸರು, ಹೊರಗೆ ಕಾಣಿಸುವುದಕ್ಕೆ ಮೊದಲೇ ಹೀಗೆ ಸಿಕ್ಕಿಬೀಳಬಹುದು.

ಗಣಿಕಟ್ಟೆಗೆ ವಿಶೇಷವಾಗಿ ಸಲ್ಲುವುದು ಕಂಪನದ ಪರೀಕ್ಷೆ. ಸುತ್ತಿಗೆಯ ಒಂದು ಹೊಡೆತದಿಂದ ನೆಲದಲ್ಲಿ ಎರಡು ಬಗೆಯ ಅಲೆಗಳು ಹೊರಡುತ್ತವೆ. ಒತ್ತುವ ಅಲೆಯು ನೀರಿನಲ್ಲಿಯೂ ಹಾಯುವುದರಿಂದ, ನೀರು ತುಂಬಿದ ಕೆಸರಿನಲ್ಲಿ ಅದು ಬಹುಮಟ್ಟಿಗೆ ನೀರಿನ ವೇಗವನ್ನೇ ಹೇಳುತ್ತದೆ. ಅಡ್ಡಕ್ಕೆ ಅಲುಗಿಸುವ ಅಲೆಯು ನೀರಿನಲ್ಲಿ ಹಾಯಲಾರದು; ಕಣಕ್ಕೆ ಕಣ ತಾಗಿ ನಿಂತ ಹಂದರದಲ್ಲಿ ಮಾತ್ರವೇ ಅದು ಸಾಗಬೇಕು. ಆದುದರಿಂದ ಅಡ್ಡಲೆಯ ವೇಗವು ಕುಗ್ಗಿದರೆ ಕೆಸರಿನ ಹಂದರವೇ ಸಡಿಲವಾಗಿದೆಯೆಂದು ತಿಳಿಯತಕ್ಕದ್ದು. ಇಂಥ ಸಡಿಲವಾದ ತೇವದ ಕೆಸರು ಒಂದು ನಡುಕಕ್ಕೋ, ತನ್ನದೇ ಭಾರಕ್ಕೋ, ಕ್ಷಣಮಾತ್ರದಲ್ಲಿ ದ್ರವದಂತೆ ಹರಿದುಬಿಡುವುದುಂಟು. ಇತ್ತೀಚಿನ ದಶಕಗಳಲ್ಲಿ ಸುತ್ತಿಗೆಯೂ ಬೇಡವಾಗಿದೆ: ಗಾಳಿ, ಹೊಳೆ, ಲಾರಿಗಳ ಓಡಾಟ ಇವುಗಳಿಂದ ನೆಲದಲ್ಲಿ ಸದಾ ಇರುವ ಸಣ್ಣ ನಡುಕವನ್ನೇ ತಿಂಗಳುಗಟ್ಟಲೆ ದಾಖಲೆಮಾಡಿ, ಅಲೆಯ ವೇಗದಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆಯ ಬದಲಾವಣೆಯನ್ನು ಕಂಡುಹಿಡಿಯುತ್ತಾರೆ.

ಈ ಎಲ್ಲ ವಿಧಾನಗಳಿಗೂ ಒಂದು ಸಾಮಾನ್ಯವಾದ ಮಿತಿಯುಂಟು. ಅವು ಹೇಳುವುದು ವಸ್ತುವಿನ ಗುಣಕ್ಕಿಂತ ಹೆಚ್ಚಾಗಿ ವ್ಯತ್ಯಾಸವನ್ನು. ಕೆಸರಿನಲ್ಲಿ ಉಳಿದ ಲೋಹಾಂಶವೂ ನೀರಿನಲ್ಲಿ ಕರಗಿದ ಲವಣವೂ ವಿದ್ಯುದ್ರೋಧವನ್ನು ತಗ್ಗಿಸಿ, ಒಣಗಿದುದನ್ನೂ ತೇವವೆಂದು ತೋರಿಸಬಲ್ಲವು. ಕುದುರೆಮುಖದಂಥ ಕಡೆ ಆಷಾಢದ ಅಳತೆಗೂ ಫಾಲ್ಗುಣದ ಅಳತೆಗೂ ಅಜಗಜಾಂತರವಾಗುವುದು ಸಹಜ. ಯಾವುದು ಮಳೆಯ ತೇವ, ಯಾವುದು ಒಸರು ಎಂಬುದು ಹಲವು ವರ್ಷಗಳ ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗಲೇ ತಿಳಿಯುತ್ತದೆ. ಒಂದು ಸಲ ಬಂದು ಪರೀಕ್ಷಿಸಿ ವರದಿ ಬರೆದು ಹೋಗುವುದನ್ನು ಕಾವಲೆಂದು ಕರೆಯಲಾಗದು. ನೀರುಗಂಟಿಯ ಬಲವಿದ್ದುದು ಅವನ ಕಣ್ಣಿನಲ್ಲಿ ಅಲ್ಲ, ಅವನು ದಿನವೂ ಅದೇ ಏರಿಯ ಮೇಲೆ ನಡೆದುದರಲ್ಲಿ.

ಹೊರದೇಶಗಳಲ್ಲಿ ನಡೆದ ಮೂರು ಅನಾಹುತಗಳು ಈ ಮಾತನ್ನು ಮೂರು ಬಗೆಯಾಗಿ ವಿವರಿಸುತ್ತವೆ. ಕೆನಡಾದ ಮೌಂಟ್ ಪಾಲಿಯಲ್ಲಿ 2014ರ ಆಗಸ್ಟ್ 4ರಂದು ಕಟ್ಟೆಯೊಡೆಯಿತು. ಅಡಿಪಾಯದ ಕೆಳಗಿದ್ದ ಜೇಡಿಮಣ್ಣಿನ ಪದರವೊಂದನ್ನು ಯಾರೂ ಸರಿಯಾಗಿ ಗುರುತಿಸಿರಲಿಲ್ಲ. ಬ್ರೆಜಿಲಿನ ಫುಂಡಾವ್ ಕಟ್ಟೆಯು 2015ರ ನವೆಂಬರ್ 5ರಂದು ಕುಸಿಯುವುದಕ್ಕೆ ಸುಮಾರು ಒಂದೂವರೆ ಗಂಟೆಯ ಮುಂಚೆ ಸಣ್ಣ ಭೂಕಂಪಗಳು ದಾಖಲೆಯಾಗಿದ್ದವು. ಆಗಲೇ ಕುಸಿತದ ಅಂಚಿಗೆ ಬಂದಿದ್ದ ಕಟ್ಟೆಯನ್ನು ಅವು ಇನ್ನಷ್ಟು ಬೇಗ ತಳ್ಳಿರಬೇಕೆಂದು ತಜ್ಞರು ನಿರ್ಣಯಿಸಿದರು. ಸತ್ತವರು 19 ಮಂದಿ. ಮೂರನೆಯದು ಅದೇ ದೇಶದ ಬ್ರುಮಾಡಿನ್ಯು. 86 ಮೀಟರು ಎತ್ತರದ ಆ ಕಟ್ಟೆಗೆ 2016ರಿಂದ ಹೊಸ ಕೆಸರು ಸೇರುತ್ತಿರಲಿಲ್ಲ. ಕೆಲಸ ನಿಂತು ಎರಡು ವರ್ಷಗಳ ಮೇಲಾಗಿದ್ದಿತು. 2019ರ ಜನವರಿ 25ರ ಮಧ್ಯಾಹ್ನ ಅದು ಕೆಲವೇ ಕ್ಷಣಗಳಲ್ಲಿ ದ್ರವವಾಗಿ ಹರಿದು 270 ಮಂದಿಯನ್ನು ಬಲಿತೆಗೆದುಕೊಂಡಿತು. ಹೊರಮೈಯಲ್ಲಿ ಎಚ್ಚರಿಕೆಯೆನ್ನಬಹುದಾದ ಚಲನೆ ಕಾಣಿಸಿರಲಿಲ್ಲವೆಂದು ವಿಚಾರಣೆ ನಡಸಿದ ತಜ್ಞರು ಹೇಳಿದರು. ಕೆಲಸ ನಿಂತ ಕಟ್ಟೆಯು ನಿರಪಾಯವಾದುದೆಂಬ ಭಾವನೆಯನ್ನು ಈ ಒಂದು ಘಟನೆಯೇ ತೊಡೆದುಹಾಕಬೇಕಾಗಿದ್ದಿತು.

ಗಣಿ, ಅಣೆಕಟ್ಟು, ಭೂಕಂಪಲೇಖಿ ಈ ಮೂರೂ ಕೂಡಿದ ಪ್ರಸಂಗವೊಂದು ಹಂಪಾಪುರಕ್ಕೆ ತೀರ ದೂರವಲ್ಲದ ಕೃಷ್ಣರಾಜಸಾಗರದಲ್ಲಿಯೂ ಒದಗಿತು. ಅಲ್ಲಿ ಗಣಿಯೆಂದರೆ ಕಲ್ಲುಗಣಿ, ಕಟ್ಟೆಯೆಂದರೆ ನೀರಿನ ಕಟ್ಟೆ. ಆದರೂ ಪ್ರಶ್ನೆಯು ಒಂದೇ. ಸುರ್ಕಿಗಾರೆಯ ಕಲ್ಲುಕಟ್ಟಡವಾದ ಆ ಅಣೆಕಟ್ಟಿಗೆ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ ಕಲ್ಲು ಸಿಡಿಸುವುದರಿಂದ ಅಪಾಯವುಂಟೆ ಎಂಬ ವಾದವು ಬಹಳ ದಿನಗಳಿಂದಲೂ ಇದ್ದಿತು. 2018ರ ಸೆಪ್ಟೆಂಬರಿನಲ್ಲಿ ಸುತ್ತಲ ಊರುಗಳಿಗೆ ಭಾರಿ ಸದ್ದು ಕೇಳಿಸಿದಾಗ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಅಣೆಕಟ್ಟಿನ ಬಳಿ ಇಟ್ಟಿದ್ದ ಭೂಕಂಪಲೇಖಿಯು ಅದನ್ನು ಬರೆದುಕೊಂಡಿದ್ದಿತು. ಆ ಗುರುತು ಸಹಜವಾದ ಭೂಕಂಪದ್ದಲ್ಲ, ಸ್ಫೋಟದ್ದೆಂದು ಕೇಂದ್ರವು ವರದಿಮಾಡಿತು. ವಾದಿ ಪ್ರತಿವಾದಿಗಳು ಆ ಒಂದು ಗೆರೆಯ ಮೇಲೆ ಹೊರಿಸಿದ ಭಾರ ಮಾತ್ರ ಅದು ತಾಳುವಷ್ಟಲ್ಲ. ಭೂಕಂಪಲೇಖಿಯು ಸ್ಫೋಟವು ಯಾವಾಗ, ಎಲ್ಲಿ, ಎಷ್ಟು ಬಲವಾಗಿ ನಡೆಯಿತೆಂಬುದನ್ನು ಹೇಳಬಲ್ಲದು; ಗೋಡೆಗೆ ಏನಾಯಿತೆಂಬುದನ್ನು ಹೇಳಲಾರದು. ಅದಕ್ಕೆ ಗೋಡೆಯ ತಳದಲ್ಲಿ, ನಡುವಿನಲ್ಲಿ, ನೆತ್ತಿಯಲ್ಲಿ ಉಪಕರಣಗಳಿದ್ದು, ಕಂಪನದ ವೇಗವನ್ನು ಹಿಂದಿನ ದಾಖಲೆಯೊಡನೆ ಹೋಲಿಸಿ ನೋಡಬೇಕು.

ಹಾಗೆ ಅಳೆಯುವುದಕ್ಕೆಂದು 2022ರ ಜುಲೈಯಲ್ಲಿ ಪರೀಕ್ಷಾ ಸ್ಫೋಟವನ್ನು ನಡಸಲು ತಜ್ಞರು ಬಂದಾಗ ರೈತರು ಪ್ರತಿಭಟಿಸಿದರು, ಪರೀಕ್ಷೆ ನಿಂತುಹೋಯಿತು. ಅಳತೆಯನ್ನೇ ತಡೆದರೆಂದು ರೈತರನ್ನು ಹಳಿಯುವುದು ಸುಲಭ. ಆದರೆ ಒಂದು ದಿನ ಅಳತೆಮಾಡಿ ಸಿಡಿಸಿದ ಸಣ್ಣ ಸ್ಫೋಟವು ಹತ್ತು ವರ್ಷ ಅಳತೆಯಿಲ್ಲದೆ ಸಿಡಿಸುವುದಕ್ಕೆ ಅನುಮತಿಪತ್ರವಾದೀತೆಂಬ ಅವರ ಶಂಕೆಯಲ್ಲಿ, ಮೇಲೆ ಹೇಳಿದ ಶಾಸ್ತ್ರೀಯವಾದ ಆಕ್ಷೇಪವೇ ಅಡಗಿದೆ. 2024ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು, 2021ರ ಅಣೆಕಟ್ಟು ಸುರಕ್ಷತಾ ಶಾಸನದ ಮೇರೆಗೆ ನಡೆಯಬೇಕಾದ ಪರಿಶೀಲನೆ ಮುಗಿಯುವವರೆಗೆ, ಅಣೆಕಟ್ಟಿನ ಸುತ್ತ 20 ಕಿಲೋಮೀಟರುಗಳೊಳಗೆ ಎಲ್ಲ ಗಣಿಗಾರಿಕೆಯನ್ನೂ ನಿಷೇಧಿಸಿತು.

ಕೃಷ್ಣರಾಜಸಾಗರಕ್ಕೆ ಕೂಗುವವರಿದ್ದಾರೆ. ಅದರ ನೀರನ್ನು ಉಣ್ಣುವ ಗದ್ದೆಗಳಿವೆ, ಕುಡಿಯುವ ನಗರಗಳಿವೆ. ಬಿತ್ತುವಟ್ಟದ ತರ್ಕವು ಅಲ್ಲಿ ಬೇರೆ ರೂಪದಲ್ಲಿ ಇನ್ನೂ ನಡೆದಿದೆ. ಗಣಿಕೆಸರಿಗೆ ಅಂಥ ಒಕ್ಕಲಿಲ್ಲ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ನೂರಿಪ್ಪತ್ತು ವರ್ಷಗಳ ಕೆಲಸದಿಂದ ಉಳಿದ ಮೂರು ಕೋಟಿ ಟನ್ನಿಗೂ ಮೇಲ್ಪಟ್ಟ ಕಲ್ಲುಹಿಟ್ಟು ಊರಿನ ಪಕ್ಕದಲ್ಲಿ ಸೈನೈಡ್ ಗುಡ್ಡಗಳೆಂಬ ಹೆಸರಿನಿಂದ ನಿಂತಿದೆ. ಬೇಸಿಗೆಯಲ್ಲಿ ಅದರ ಧೂಳು ಮನೆಗಳ ಮೇಲೆ ಹಾರುತ್ತದೆ, ಮಳೆಯಲ್ಲಿ ಅದರ ಮೈ ಕೊರೆದು ಹೋಗುತ್ತದೆ. ನಡುನಡುವೆ ಚಲನಚಿತ್ರಗಳಿಗೆ ಹಿನ್ನೆಲೆಯಾಗಿಯೂ ಒದಗುತ್ತದೆ. ಬಂಡೆಯ ಸದ್ದನ್ನು ಕೇಳುವುದಕ್ಕೆ ಭಾರತದಲ್ಲಿಯೇ ಮೊದಲಾಗಿ ಯಂತ್ರಗಳನ್ನು ಕಂಡ ಊರುಗಳಲ್ಲಿ ಒಂದು ಅದು.

ಹಂಪಾಪುರಕ್ಕೆ ನೆರೆಯದಾದ ಸರಗೂರಿನ ಹೆಸರನ್ನು, ಕರ್ನಾಟಕದ 300 ಕೋಟಿ ವರ್ಷಗಳಿಗೂ ಹಿಂದಿನ ಶಿಲಾಸಮೂಹವೊಂದಕ್ಕೆ ಭೂವಿಜ್ಞಾನಿಗಳು ಇಟ್ಟಿದ್ದಾರೆ. ಅಂಥ ಕಲ್ಲಿನ ಆಯುಸ್ಸಿಗೆ ಹೋಲಿಸಿದರೆ ಮೂವತ್ತು ವರ್ಷದ ಗಣಿಗುತ್ತಿಗೆಯು ಎಣಿಕೆಗೇ ಬಾರದು; ಪುಡಿಮಾಡಿದ ಕಲ್ಲಾದರೋ ಪುಡಿಯಾಗಿಯೇ ಉಳಿಯುತ್ತದೆ. ಲಕ್ಯಾ ಕಣಿವೆಯ ಕಟ್ಟೆಯ ಮೇಲೆ, ಗಣಿಗಾರಿಕೆ ನಿಂತ ಬಳಿಕ, ಇಪ್ಪತ್ತು ಮಳೆಗಾಲಗಳು ಕಳೆದಿವೆ. ಕಟ್ಟೆಯ ಕೆಳಗೆ ಭದ್ರೆ, ಭದ್ರೆಯ ಕೆಳಗೆ ಲಕ್ಕವಳ್ಳಿಯ ಜಲಾಶಯ, ಅದರ ಕೆಳಗೆ ಶಿವಮೊಗ್ಗ, ದಾವಣಗೆರೆ ಸೀಮೆಗಳ ಗದ್ದೆತೋಟಗಳು. ಆ ಗದ್ದೆಗಳಲ್ಲಿ ಯಾವುದೊಂದೂ ಲಕ್ಯಾ ಕಟ್ಟೆಯ ಕಾವಲಿಗೆಂದು ಬಿಟ್ಟ ಕೊಡಗೆಯಲ್ಲ.